ಕಾವೊಕೋಲ್ಯಾಂಡಿನ ಮರುಭೂಮಿಯಲ್ಲಿ ಬಿಡಾರ ಹೂಡುವವರಿಗೆ

ಬಾಡಿಗೆಗೆ ಹಿಡಿದ ಗಟ್ಟಿಮುಟ್ಟಾದ ವಾಹನವೊಂದರಲ್ಲಿ, ಮಾಡಿನ ಮೇಲೆ ಮಡಿಚಿಟ್ಟ ಗುಡಾರವನ್ನೂ ಹಿಂಬದಿಯಲ್ಲಿ ನೀರಿನ ಡಬ್ಬಗಳನ್ನೂ ಹೇರಿಕೊಂಡು, ನಮೀಬಿಯಾ ದೇಶದ ವಾಯವ್ಯ ಮೂಲೆಯಲ್ಲಿರುವ ಕಾವೊಕೋಲ್ಯಾಂಡನ್ನು ಹೊಕ್ಕ ಪ್ರಯಾಣಿಕನು ಮೊದಲ ದಿನವೇ ಎದುರಿಸುವ ಕಷ್ಟ ಇದು: ಕಣ್ಣೆದುರಿಗೆ ದಿಗಂತದವರೆಗೆ ಹರಡಿದ ಬಯಲು, ಬೇಲಿಯಿಲ್ಲ, ಫಲಕವಿಲ್ಲ, ಇಲ್ಲಿ ಹೋಗಕೂಡದೆಂದು ತಡೆಯುವ ಕಾವಲುಗಾರನಿಲ್ಲ, ಅಲ್ಲಿಯವರೆಗೆ ಹಿಡಿದು ಬಂದ ದಾರಿಯಾದರೋ ಇದ್ದಕ್ಕಿದ್ದಂತೆ ಐದಾರು ಜಾಡುಗಳಾಗಿ ಒಡೆದು ಒಂದರ ಪಕ್ಕದಲ್ಲೊಂದು ಓಡುತ್ತಿದೆ. ಯಾವುದನ್ನು ಹಿಡಿಯಬೇಕು? ಹೊತ್ತು ಇಳಿದಾಗ ಎಲ್ಲಿ ನಿಲ್ಲಬೇಕು? ಯಾರೂ ಬೇಡವೆನ್ನದ ಕಡೆ ಎಲ್ಲವೂ ಸಲ್ಲುವುದೆಂದು ಭಾವಿಸುವುದು ಮನುಷ್ಯಸಹಜ. ಆದರೆ ಒಳ್ಳೆಯ ಮನಸ್ಸಿನ ಪ್ರಯಾಣಿಕರ ಕೈಯಿಂದಲೂ ಆ ನೆಲಕ್ಕೆ ಹಾನಿ ಸಂಭವಿಸಿರುವುದು ಈ ಭಾವನೆಯಿಂದಲೇ.

ನಮೀಬಿಯಾದಲ್ಲಿಯೂ ನಮ್ಮಲ್ಲಿರುವಂತೆ ರಸ್ತೆಯ ಎಡಬದಿಯ ಸಂಚಾರವಿರುವುದರಿಂದ, ಕರ್ನಾಟಕದಿಂದ ಹೋದ ಚಾಲಕನಿಗೆ ಅಲ್ಲಿ ವಾಹನ ನಡಸಲು ಹೊಸ ಅಭ್ಯಾಸವೇನೂ ಬೇಕಾಗದು. 2022ರ ಸೆಪ್ಟೆಂಬರಿನಲ್ಲಿ ಎಂಟು ಚೀತಾಗಳು ಆ ದೇಶದಿಂದ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಂದಮೇಲಂತೂ ಅದರ ಹೆಸರು ನಮ್ಮವರಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೂ ಮಳೆಯ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸಂಗತಿ ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ನಮ್ಮ ಕಡೆ ಕಾಲುದಾರಿಯೊಂದನ್ನು ಒಂದು ಮಳೆಗಾಲ ತುಳಿಯದೆ ಬಿಟ್ಟರೆ ಹುಲ್ಲು ಅದನ್ನು ಮುಚ್ಚುತ್ತದೆ. ಎಸೆದ ಬಾಳೆಯೆಲೆ ತಿಂಗಳೊಪ್ಪತ್ತಿನಲ್ಲಿ ಗೊಬ್ಬರವಾಗುತ್ತದೆ. ಕಡಿದ ಗಿಡ ಬುಡದಿಂದ ಚಿಗುರುತ್ತದೆ. ಇವೆಲ್ಲವೂ ನೀರು ಮಾಡುವ ಕೆಲಸ. ನೀರಿಲ್ಲದ ಕಡೆ ಕೊಳೆಯುವುದೂ ಇಲ್ಲ, ಚಿಗುರುವುದೂ ಇಲ್ಲ, ಮುಚ್ಚಿಹೋಗುವುದೂ ಇಲ್ಲ. ಮುಂದೆ ಹೇಳಲಿರುವ ಸೂಚನೆಗಳಲ್ಲಿ ಹೆಚ್ಚಿನವು ಈ ಒಂದು ಕಾರಣದಿಂದ ಹೊರಟವು; ಅದನ್ನು ಮನಗಂಡವನು ಸೂಚನೆಗಳನ್ನು ಬಾಯಿಪಾಠ ಮಾಡಬೇಕಾದುದಿಲ್ಲ.

ನೆಲದ ಪರಿಚಯ

ಉತ್ತರಕ್ಕೆ ಅಂಗೋಲಾದ ಗಡಿಯಾಗಿ ಹರಿಯುವ ಕುನೇನೆ ನದಿ, ದಕ್ಷಿಣಕ್ಕೆ ಹೋಆನಿಬ್ ಎಂಬ ಒಣನದಿ, ಪಶ್ಚಿಮಕ್ಕೆ ಅಸ್ಥಿಪಂಜರ ಕರಾವಳಿಯೆಂದೇ ಹೆಸರಾದ ಸ್ಕೆಲಿಟನ್ ಕೋಸ್ಟ್ ರಾಷ್ಟ್ರೀಯ ಉದ್ಯಾನ. ಇವುಗಳ ನಡುವಣ ಬೆಟ್ಟಬಯಲುಗಳ ಸೀಮೆಯೇ ಕಾವೊಕೋಲ್ಯಾಂಡ್. ಓಪುವೊ ಅದರ ಮುಖ್ಯ ಪಟ್ಟಣ. ಅಟ್ಲಾಂಟಿಕ್ ಸಮುದ್ರದಲ್ಲಿ ದಕ್ಷಿಣದಿಂದ ಹರಿದುಬರುವ ಬೆಂಗೇಲಾ ಎಂಬ ಶೀತಪ್ರವಾಹವು ಕರಾವಳಿಯ ಗಾಳಿಯನ್ನು ತಣಿಸಿ, ಮೋಡ ಮೇಲೇಳದಂತೆ ಮಾಡಿ, ಮಳೆಯ ಬದಲು ಮಂಜನ್ನು ಮಾತ್ರ ಒಳನಾಡಿಗೆ ಕಳುಹಿಸುವುದರಿಂದ, ಸಮುದ್ರದ ಅಂಚಿನಲ್ಲಿ ವರ್ಷಕ್ಕೆ ಸರಾಸರಿ 20 ಮಿಲಿಮೀಟರಿನಷ್ಟು ಮಳೆಯೂ ಬೀಳದು. ಪೂರ್ವಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ. ಅಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಸುರಿದ ನೀರೇ ಹೋಆರುಸಿಬ್, ಕುಮಿಬ್, ಹೋಆನಿಬ್ ಮುಂತಾದ ಮರಳಿನ ನದಿಗಳಲ್ಲಿ ವರ್ಷದ ಕೆಲವು ದಿನ ಹರಿದು, ಉಳಿದ ಕಾಲದಲ್ಲಿ ಪಾತ್ರದ ಕೆಳಗೆ ಅಡಗಿರುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಒಡೆಯನಿಲ್ಲದಂತೆ ಕಾಣುವ ಈ ನೆಲಕ್ಕೆ ಒಡೆಯರಿದ್ದಾರೆ. 1996ರ ಕಾನೂನಿನ ಮೂಲಕ ನಮೀಬಿಯಾ ಸರಕಾರವು ಸಮುದಾಯದ ಭೂಮಿಯಲ್ಲಿ ವಾಸಿಸುವ ಜನರಿಗೆ, ತಮ್ಮದೇ ಸಂರಕ್ಷಣಾ ಕ್ಷೇತ್ರಗಳನ್ನು ರಚಿಸಿಕೊಂಡು ವನ್ಯಜೀವಿಗಳಿಂದಲೂ ಪ್ರವಾಸಿಗಳಿಂದಲೂ ಬರುವ ಆದಾಯವನ್ನು ತಾವೇ ಪಡೆಯುವ ಹಕ್ಕನ್ನು ಕೊಟ್ಟಿತು. 1998ರಲ್ಲಿ ಮೊದಲ ನಾಲ್ಕು ಕ್ಷೇತ್ರಗಳು ನೋಂದಣಿಯಾದವು. ಅನಂತರ ಅವುಗಳ ಸಂಖ್ಯೆ 86ಕ್ಕೆ ಏರಿತು. ಕನ್ಸರ್ವೆನ್ಸಿ ಎಂದು ಅಲ್ಲಿ ಎಲ್ಲರ ಬಾಯಲ್ಲಿರುವ ಈ ಕ್ಷೇತ್ರಗಳಲ್ಲಿ ಪುರೋಸ್, ಒರುಪೆಂಬೆ, ಮಾರಿಯೆನ್‌ಫ್ಲುಸ್, ಸೆಸ್‌ಫಾಂಟೇನ್ ಮುಂತಾದವು ನಿಮ್ಮ ದಾರಿಯಲ್ಲಿಯೇ ಬರುತ್ತವೆ. ನೀವು ಬಿಡಾರದ ಶುಲ್ಕವೆಂದು ಕೊಡುವ ಹಣವು ಅಲ್ಲಿಯ ವನ್ಯಜೀವಿ ಕಾವಲುಗಾರರ ವೇತನಕ್ಕೆ ಸಲ್ಲುವುದುಂಟು. ಆದುದರಿಂದ ಶುಲ್ಕವನ್ನು ತಪ್ಪಿಸಿಕೊಂಡು ಬಯಲಲ್ಲಿ ಪುಕ್ಕಟೆ ತಂಗುವುದು ಸ್ವಾತಂತ್ರ್ಯದ ಲಕ್ಷಣವೆಂದು ಕೆಲವರು ಹೇಳುವ ಮಾತನ್ನು ನಾನು ಒಪ್ಪಲಾರೆ. ಕಾವಲುಗಾರನ ಕೂಲಿಯನ್ನು ಉಳಿಸಿಕೊಂಡು ಅವನು ಕಾಯ್ದ ಆನೆಯನ್ನು ನೋಡಿಬರುವುದರಲ್ಲಿ ನ್ಯಾಯವಿಲ್ಲ.

ಗಾಯ ಏಕೆ ಮಾಯುವುದಿಲ್ಲ

ಜಲ್ಲಿಬಯಲಿನಲ್ಲಿ ವಾಹನ ನಿಲ್ಲಿಸಿ ಇಳಿದಾಗ, ಜಾಡಿನ ಅಂಚಿನಲ್ಲಿಯೇ ಬಿದ್ದಿರುವ ಬಿಳಿಯ ಬೆಣಚುಕಲ್ಲೊಂದನ್ನು, ಹೆಬ್ಬೆರಳಿನಷ್ಟು ಗಾತ್ರದ್ದು ಸಾಕು, ಮೆಲ್ಲನೆ ಎತ್ತಿ ನೋಡಿ. ಮೇಲ್ಭಾಗ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದರೂ, ಮಣ್ಣಿನಲ್ಲಿ ಹೂತಿದ್ದ ಅಡಿಭಾಗಕ್ಕೆ ಅನೇಕ ವೇಳೆ ಎಳೆಹಸುರಿನ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಅರೆಪಾರದರ್ಶಕವಾದ ಕಲ್ಲಿನ ಮೂಲಕ ಸೋಸಿ ಇಳಿದ ಬೆಳಕನ್ನೂ, ಕಲ್ಲಿನ ತಂಪಿಗೆ ಕೆಳಗೆ ನಿಂತ ಮಂಜಿನ ತೇವವನ್ನೂ ಹಿಡಿದು ಬದುಕುವ ಸೂಕ್ಷ್ಮಜೀವಿಗಳ ಬಣ್ಣವದು. ನೋಡಿದ ಮೇಲೆ ಕಲ್ಲನ್ನು ಇದ್ದ ಮಗ್ಗುಲಲ್ಲಿಯೇ ಇದ್ದ ಕುಳಿಯೊಳಗೆ ಕೂರಿಸತಕ್ಕದ್ದು. ಮಗುಚಿ ಬಿದ್ದರೆ ಹಸುರು ಒಣಗಿ ಸಾಯುತ್ತದೆ. ಎರಡು ಟನ್ ತೂಕದ ವಾಹನವೊಂದು ಜಾಡು ಬಿಟ್ಟು ನೂರು ಮಾರು ಹೋದರೆ ಇಂಥ ಎಷ್ಟು ಕಲ್ಲುಗಳು ಮಗುಚುವುವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಕಲ್ಲುಗಳಿಲ್ಲದ ಕಡೆ ಮಣ್ಣಿನ ಮೇಲೆ, ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯಂತೆ, ತೆಳುವಾದ ಪದರವೊಂದು ಹೆಪ್ಪುಗಟ್ಟಿರುತ್ತದೆ. ಪಾಚಿ, ಶಿಲೀಂಧ್ರ, ಧೂಳು, ಲವಣ ಇವೆಲ್ಲ ಕೂಡಿ ಎಷ್ಟೋ ವರ್ಷಗಳಲ್ಲಿ ನೆಯ್ದ ಈ ಪದರವೇ ಕೆಳಗಿನ ಮಣ್ಣು ಗಾಳಿಗೆ ಹಾರಿಹೋಗದಂತೆ ಹಿಡಿದಿರುವುದು. ಕರಾವಳಿಗೆ ಸಮೀಪಿಸಿದಂತೆ ಕಿತ್ತಳೆ, ಬೂದು, ಕಪ್ಪು ಬಣ್ಣಗಳ ಕಲ್ಲುಹೂಗಳು ಬಯಲುಗಳನ್ನೇ ಆವರಿಸಿವೆ. ಬಿಸಿಲಿನಲ್ಲಿ ಅವು ಸತ್ತಂತೆ ಮುದುಡಿ ಗರಿಗರಿಯಾಗಿರುತ್ತವೆ, ಮುಂಜಾನೆಯ ಮಂಜು ತಾಗಿದೊಡನೆ ಅರಳುತ್ತವೆ. ಟೈರಿನ ಕೆಳಗೆ ಸಿಕ್ಕಿದ ಒಣ ಕಲ್ಲುಹೂ ಪುಡಿಯಾಗುತ್ತದೆ. ಅವುಗಳ ಬೆಳವಣಿಗೆ ಅತಿ ಮಂದವಾದುದರಿಂದ, ಅಲ್ಲಿ ಹತ್ತಾರು ವರ್ಷಗಳ ಹಿಂದೆ ಹೋದ ವಾಹನದ ಗೆರೆಗಳು ಇಂದಿಗೂ ಸ್ಪಷ್ಟವಾಗಿ ಕಾಣಬರುತ್ತವೆ. 1859ರಲ್ಲಿ ಫ್ರೀಡ್ರಿಖ್ ವೆಲ್ವಿಚ್ ಎಂಬ ಸಸ್ಯಶಾಸ್ತ್ರಜ್ಞನು ಅಂಗೋಲಾದಲ್ಲಿ ಕಂಡ, ಅವನ ಹೆಸರನ್ನೇ ಹೊತ್ತ ವೆಲ್ವಿಚಿಯಾ ಎಂಬ ವಿಚಿತ್ರ ಸಸ್ಯ, ಆಯುಷ್ಯವೆಲ್ಲ ಎರಡೇ ಎಲೆಗಳನ್ನು ಬೆಳೆಸಿಕೊಂಡು ಸಾವಿರ ವರ್ಷಕ್ಕೂ ಮೀರಿ ಬಾಳಬಲ್ಲುದು. ಅದರ ಬೇರುಗಳಲ್ಲಿ ಎಷ್ಟೋ ನೆಲದ ಮೇಲ್ಪದರದಲ್ಲಿಯೇ ಹರಡಿರುವುದರಿಂದ, ಚಿತ್ರ ತೆಗೆಯಲೆಂದು ಬುಡದವರೆಗೆ ವಾಹನ ತಂದವನು ತಿಳಿಯದೆಯೇ ಅದರ ಬೇರನ್ನು ತುಳಿದಿರುತ್ತಾನೆ.

ಹೊರಡುವ ಮುನ್ನ

1. ಕಾಲವನ್ನು ಆರಿಸಿಕೊಳ್ಳಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಒಣಕಾಲ ಯೋಗ್ಯ. ಮಳೆಗಾಲದಲ್ಲಿ ಹಸಿಯಾದ ಜೇಡಿಯಲ್ಲಿ ಇಳಿದ ಗಾಲಿಯ ಹೊಂಡವು ಒಣಗಿ ಇಟ್ಟಿಗೆಯಷ್ಟು ಗಟ್ಟಿಯಾಗಿ, ಮುಂದೆ ಬರುವ ವಾಹನಗಳನ್ನೆಲ್ಲ ಬದಿಗೆ ತಳ್ಳುತ್ತದೆ. ಜೂನ್, ಜುಲೈಗಳ ರಾತ್ರಿ ಬಹಳ ಚಳಿಯಿರುವುದೆಂಬುದನ್ನು ನೆನಪಿನಲ್ಲಿಟ್ಟು ಬೆಚ್ಚನೆಯ ಹಾಸಿಗೆ ಒಯ್ಯಬೇಕು. ಚಳಿಗೆ ನಡುಗಿದವನು ಕಟ್ಟಿಗೆಯನ್ನು ಲೆಕ್ಕವಿಲ್ಲದೆ ಸುಡುತ್ತಾನೆ.

2. ಎರಡು ವಾಹನಗಳು ಕೂಡಿ ಹೋಗಿ. ಮೊಬೈಲ್ ಫೋನಿಗೆ ಸಂಕೇತ ಸಿಗದ ದಾರಿಗಳೇ ಹೆಚ್ಚಾದುದರಿಂದ ಉಪಗ್ರಹ ಫೋನ್ ಒಂದಿರಲಿ. ಎರಡಕ್ಕಿಂತ ಹೆಚ್ಚು ವಾಹನಗಳ ದಂಡು ಬೇಡ. ದಂಡು ದೊಡ್ಡದಾದಷ್ಟೂ ಬಿಡಾರದ ಜಾಗ ಹಿಗ್ಗುತ್ತದೆ.

3. ನೀರನ್ನು ತಲೆಗೆ ದಿನಕ್ಕೆ ಐದು ಲೀಟರಿಗೆ ಕಡಿಮೆಯಿಲ್ಲದಂತೆ ಲೆಕ್ಕ ಹಾಕಿ, ಅದರ ಮೇಲೆ ಎರಡು ದಿನದ ಆಪದ್ಧನವನ್ನು ಸೇರಿಸಿ. ನೀರು ಸಾಕಷ್ಟಿದ್ದವನು ಮರುಭೂಮಿಯ ಒರತೆಗಳ ಮೇಲೆ ಬೀಳುವುದಿಲ್ಲ. ಓಪುವೊ ಮತ್ತು ಸೆಸ್‌ಫಾಂಟೇನ್‌ಗಳಲ್ಲಿ ಇಂಧನ ಸಿಗುತ್ತದೆ. ಆದರೆ ಸಣ್ಣ ಊರಿನ ಬಂಕಿನಲ್ಲಿ ದಾಸ್ತಾನು ಮುಗಿದಿರುವುದೂ ಉಂಟಾದುದರಿಂದ, ಅರ್ಧ ಟ್ಯಾಂಕಿದ್ದರೂ ಸಿಕ್ಕಿದಲ್ಲಿ ತುಂಬಿಸಿಕೊಳ್ಳಬೇಕು. ಮರಳಿನಲ್ಲಿ ಖರ್ಚು ಹೆಚ್ಚೆಂಬುದು ಲೆಕ್ಕದಲ್ಲಿರಲಿ.

4. ಸಾಮಗ್ರಿಗಳಲ್ಲಿ ಮರೆಯಬಾರದವು: ಟೈರಿನ ಒತ್ತಡ ಅಳೆಯುವ ಮಾಪಕ, ಗಾಳಿ ತುಂಬುವ ಪಂಪು, ಎರಡು ಹೆಚ್ಚುವರಿ ಗಾಲಿಗಳು, ಸಲಿಕೆ, ಮರಳಿನಲ್ಲಿ ಗಾಲಿಯ ಕೆಳಗೆ ಹಾಸುವ ಹಲಗೆಗಳು, ಬೆಂಕಿ ನಂದಿಸುವ ಉಪಕರಣ, ಬೆಂಕಿ ಹೊತ್ತಿಸಲು ಕಾಲುಳ್ಳ ಲೋಹದ ತಟ್ಟೆ, ಗಟ್ಟಿಯಾದ ಕಸದ ಚೀಲಗಳು.

ವಾಹನ ನಡಸುವಾಗ

ಮೊದಲು ಟೈರಿನ ಗಾಳಿಯ ಮಾತು, ಏಕೆಂದರೆ ನೆಲದ ರಕ್ಷಣೆ ಆರಂಭವಾಗುವುದು ಅಲ್ಲಿಂದ. ಟೈರಿನ ಗಾಳಿಯನ್ನು ಇಳಿಸಿದಾಗ ಅದು ಕೆಳಗೆ ಚಪ್ಪಟೆಯಾಗಿ, ನೆಲವನ್ನು ತಬ್ಬುವ ಅದರ ಅಂಗಾಲು ಮುಖ್ಯವಾಗಿ ಉದ್ದಕ್ಕೆ ಬೆಳೆಯುತ್ತದೆ. ವಾಹನದ ಭಾರ ಹೆಚ್ಚು ವಿಸ್ತಾರಕ್ಕೆ ಹಂಚಿಹೋಗುವುದರಿಂದ ಗಾಲಿ ಮರಳನ್ನು ಅಗೆಯದೆ ಅದರ ಮೇಲೆ ತೇಲುತ್ತದೆ. ಗಾಳಿ ಬಿಗಿಯಾಗಿದ್ದರೆ ಗಾಲಿ ತಿರುಗಿದಲ್ಲಿಯೇ ತಿರುಗಿ ಹೊಂಡ ತೋಡುತ್ತದೆ. ಚಾಲಕನು ಗಾಬರಿಯಾಗಿ ಇನ್ನಷ್ಟು ವೇಗ ಕೊಡುತ್ತಾನೆ. ಹೊಂಡ ಇನ್ನಷ್ಟು ಆಳವಾಗುತ್ತದೆ. ಮುಂದೆ ಬಂದವನು ಆ ಹೊಂಡವನ್ನು ಬಳಸಿ ಹೊಸ ಜಾಡು ಮಾಡುತ್ತಾನೆ. ಜಲ್ಲಿರಸ್ತೆಯಲ್ಲಿ ಸಮುದ್ರದ ಕಿರಿಯಲೆಗಳಂತೆ ಎದ್ದುನಿಂತ ಅಡ್ಡಗೆರೆಗಳ ಕಾಟವೂ ಹೀಗೆಯೇ. ಬಿಗಿಯಾದ ಟೈರಿನಲ್ಲಿ ಅವುಗಳ ಮೇಲೆ ಹೋದರೆ ಹಲ್ಲು ಕಟಕಟಿಸುವಷ್ಟು ಕುಲುಕಾಟವಾದುದರಿಂದ ಚಾಲಕನು ಪಕ್ಕದ ನುಣುಪಾದ ಬಯಲಿಗೆ ಇಳಿಯುತ್ತಾನೆ. ಕಾಲಕ್ರಮದಲ್ಲಿ ಆ ಬಯಲಿಗೂ ಅಡ್ಡಗೆರೆ ಎದ್ದು, ಮೂರನೆಯ ಜಾಡು ಹುಟ್ಟುತ್ತದೆ. ಮೊದಲು ಕಂಡ ಐದಾರು ಜಾಡುಗಳ ಉತ್ಪತ್ತಿಯ ಕಥೆ ಇದೇ. ಗಾಳಿ ಇಳಿಸಿದ ಟೈರು ಆ ಕುಲುಕನ್ನು ತಾನೇ ನುಂಗಿಕೊಳ್ಳುವುದರಿಂದ ಪಕ್ಕಕ್ಕೆ ಇಳಿಯಬೇಕೆಂಬ ಆಸೆಯೇ ಹುಟ್ಟುವುದಿಲ್ಲ.

1. ಭಾರ ಹೇರಿದ ವಾಹನಕ್ಕೆ ಜಲ್ಲಿರಸ್ತೆಯಲ್ಲಿ ಸುಮಾರು 26 ಪಿಎಸ್‌ಐ, ಮರಳಿನಲ್ಲಿ ಸುಮಾರು 18, ಬಹಳ ಮೆತ್ತನೆಯ ಮರಳಿನಲ್ಲಿ 15 ಎಂದು ಸ್ಥೂಲವಾಗಿ ಹಿಡಿಯಬಹುದು. ವಾಹನ ಕೊಟ್ಟವರ ಸೂಚನೆ ಬೇರೆಯಿದ್ದರೆ ಅದನ್ನೇ ಅನುಸರಿಸಿ. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸತಕ್ಕದ್ದು. ಅಂಥ ಟೈರಿನಲ್ಲಿ ರಭಸದಿಂದ ಓಡಿಸಿದರೆ ಅದರ ಮಗ್ಗುಲು ಕಾದು ಒಡೆಯುತ್ತದೆ. ಒಳ್ಳೆಯ ಜಲ್ಲಿರಸ್ತೆಯಲ್ಲಿಯೂ ಗಂಟೆಗೆ 80 ಕಿಲೋಮೀಟರನ್ನು ಮೀರಬೇಡಿ.

2. ಕವಲುಗಳು ಎದುರಾದಾಗ ಹೆಚ್ಚು ಬಳಕೆಯಾದ, ಹೆಚ್ಚು ಸವೆದ ಜಾಡನ್ನೇ ಹಿಡಿಯಿರಿ. ಅದು ಕುಲುಕಬಹುದು; ಆದರೆ ಅಲ್ಲಿ ಕೆಡಬೇಕಾದುದು ಆಗಲೇ ಕೆಟ್ಟಿದೆ. ಎದುರಿನಿಂದ ವಾಹನ ಬಂದರೆ ಬಯಲಿಗೆ ಇಳಿಯದೆ, ಅಗಲವಾದ ಸ್ಥಳ ನೋಡಿ ನಿಂತು ದಾರಿ ಬಿಡಿ. ತಿರುಗಿಸಬೇಕಾದಾಗ ಬಯಲಿನಲ್ಲಿ ದೊಡ್ಡ ಸುತ್ತು ಹಾಕದೆ, ಜಾಡಿನೊಳಗೆ ಹಿಂದುಮುಂದು ಮಾಡಿ ತಿರುಗಿಸಿಕೊಳ್ಳಬೇಕು.

3. ಪೂರ್ವದಿಂದ ಮಾರಿಯೆನ್‌ಫ್ಲುಸ್ ಕಣಿವೆಗೆ ಇಳಿಯುವ ವ್ಯಾನ್ ಜೈಲ್ ಕಣಿವೆದಾರಿಯಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಮಾತ್ರ ಹೋಗುವುದು ಪದ್ಧತಿ. ಬಂಡೆಗಳ ಮೇಲೆ ಒಂದೊಂದೇ ಗಾಲಿಯನ್ನು ಇಳಿಸಿಕೊಂಡು ಹೋಗಬೇಕಾದ ಈ ಇಕ್ಕಟ್ಟಿನಲ್ಲಿ ಎದುರುಬದುರಾದ ಇಬ್ಬರಿಗೂ ಗತಿಯಿಲ್ಲ. ಹಿಂದೆ ಗಾಡಿ ಕಟ್ಟಿಕೊಂಡವರೂ, ಅನುಭವವಿಲ್ಲದವರೂ ಆ ದಾರಿಯನ್ನು ಬಿಟ್ಟು ಒರುಪೆಂಬೆಯ ಕಡೆಯಿಂದ ಬರುವುದು ಲೇಸು.

4. ಮಾರಿಯೆನ್‌ಫ್ಲುಸ್ ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಹೊಂಬಣ್ಣದ ಹುಲ್ಲಿನ ಸಮುದ್ರ. ಎರಡು ಗಾಲಿಗಳ ಜಾಡಿನ ನಡುವೆ ಎದ್ದ ಹುಲ್ಲು ವಾಹನದ ಹೊಟ್ಟೆಗೆ ಸವರುತ್ತಾ, ಹೊಗೆಕೊಳವೆಯ ಸುತ್ತಲಿನ ಸಂದುಗಳಲ್ಲಿ ಹಿಡಿಹಿಡಿಯಾಗಿ ತುಂಬಿಕೊಂಡು, ಕೊಳವೆಯ ಕಾವಿಗೆ ಹೊತ್ತಿಕೊಳ್ಳುತ್ತದೆ. ವಾಹನ ಸುಟ್ಟು ಬೂದಿಯಾಗುವುದಷ್ಟೇ ಅಲ್ಲದೆ ಕಣಿವೆಯ ಮೇವೆಲ್ಲ ಉರಿದು, ಅದನ್ನು ನಂಬಿದ ದನಗಳೂ ಆರಿಕ್ಸ್ ಜಿಂಕೆಗಳೂ ಹಸಿಯುತ್ತವೆ. ಆದಕಾರಣ ಹುಲ್ಲಿನ ನಡುವೆ ಹೋಗುವಾಗ ಹತ್ತು ಕಿಲೋಮೀಟರಿಗೊಮ್ಮೆಯಾದರೂ, ಹುಲ್ಲಿಲ್ಲದ ಬರಡು ತಾಣ ನೋಡಿ ನಿಂತು, ನೆಲದ ಮೇಲೆ ಮಲಗಿ ವಾಹನದ ಕೆಳಗೆ ಇಣುಕಿ, ಕೊಕ್ಕೆಗೋಲಿನಿಂದ ಹುಲ್ಲನ್ನು ಕಿತ್ತು ತೆಗೆಯಬೇಕು. ಮುಂಭಾಗದಲ್ಲಿ ರೇಡಿಯೇಟರಿಗೆ ಬೀಜ ತುಂಬದಂತೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿಕೊಳ್ಳಿ. ಇದೇ ಕಣಿವೆಯಲ್ಲಿ ಹುಲ್ಲಿನ ನಡುವೆ ಸಾವಿರಾರು ಬೋಳು ವೃತ್ತಗಳು ಕಾಣುತ್ತವೆ. ಅವುಗಳ ಕಾರಣದ ವಿಷಯದಲ್ಲಿ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಖಾಲಿಯಾಗಿವೆಯೆಂದು ವಾಹನವನ್ನು ಅವುಗಳೊಳಗೆ ನಿಲ್ಲಿಸುವುದು ಬೇಡ.

5. ಮರಳಿನಲ್ಲಿ ಸಿಕ್ಕಿಕೊಂಡರೆ ಗಾಲಿಯನ್ನು ತಿರುಗಿಸುವುದನ್ನು ಕೂಡಲೇ ನಿಲ್ಲಿಸಿ. ಇಳಿದು ಮರಳು ಬಗೆದು, ಟೈರಿನ ಗಾಳಿಯನ್ನು ಇನ್ನೂ ಸ್ವಲ್ಪ ತೆಗೆದು, ಹಲಗೆ ಹಾಸಿ ಮೆಲ್ಲನೆ ಹೊರಗೆ ಬನ್ನಿ. ಹಲಗೆಯಿಲ್ಲವೆಂದು ಸುತ್ತಲಿನ ಪೊದೆಗಳನ್ನು ಮುರಿದು ಹಾಸುವುದು ಕೂಡದು; ಬಂದಮೇಲೆ ಹೊಂಡವನ್ನು ಮುಚ್ಚಿಯೇ ಹೊರಡಬೇಕು.

ಬಿಡಾರದ ಜಾಗ

ಮರುಭೂಮಿಯ ಜೀವಸಂಕುಲವೆಲ್ಲ ಕೆಲವೇ ತಾಣಗಳಲ್ಲಿ ಒತ್ತಾಗಿ ನೆಲಸಿದೆ: ಒಣನದಿಯ ಪಾತ್ರ, ಅದರ ದಡದ ಅನಾ ಮರಗಳ ಮತ್ತು ಒಂಟೆಮುಳ್ಳಿನ ಮರಗಳ ನೆರಳು, ಅಲ್ಲೊಂದು ಇಲ್ಲೊಂದು ಒರತೆ. ದಣಿದ ಪ್ರಯಾಣಿಕನ ಕಣ್ಣಿಗೆ ಇಷ್ಟವಾಗುವುದೂ ಇವೇ. ಹಗಲು ನಿಮಗೆ ಬೇಕಾದ ತಾಣವೇ ಇರುಳು ಪ್ರಾಣಿಗಳಿಗೆ ಬೇಕು. ಎಂಟು ಹತ್ತು ಮೈಲಿಗಳ ಸುತ್ತಿನಲ್ಲಿ ಆ ಒರತೆಯೊಂದೇ ನೀರಾಗಿದ್ದರೆ, ಅಲ್ಲಿ ಹೂಡಿದ ಗುಡಾರವನ್ನು ಕಂಡು ಹಿಂದೆ ಸರಿದ ಪ್ರಾಣಿ ಆ ರಾತ್ರಿ ಬಾಯಾರಿಯೇ ಇರಬೇಕಾಗುತ್ತದೆ.

1. ಕನ್ಸರ್ವೆನ್ಸಿಯ ಬಿಡಾರವಿರುವ ಕಡೆ ಅದನ್ನೇ ಬಳಸಿ. ಪುರೋಸಿನಲ್ಲಿ ಹೋಆರುಸಿಬ್ ದಡದ ಮರಗಳ ಕೆಳಗೆ ಊರವರೇ ನಡೆಸುವ ಬಿಡಾರವಿದೆ; ಪ್ರತಿಯೊಂದು ತಾಣಕ್ಕೂ ಒಂದೊಂದು ದೊಡ್ಡ ಮರದ ನೆರಳು, ಬೆಂಕಿಗೆ ಗೊತ್ತಾದ ಸ್ಥಳ. ಪಾಮ್‌ವಾಗ್ ಪ್ರದೇಶದೊಳಕ್ಕೆ ಹೋಗಲು ಅನುಮತಿಪತ್ರ ಬೇಕು. ಹೋಆನಿಬ್ ಪಾತ್ರದ ನಿಯಮಗಳನ್ನು ಇಳಿಯುವ ಮೊದಲು ಸೆಸ್‌ಫಾಂಟೇನಿನಲ್ಲಿ ಕೇಳಿ ತಿಳಿದುಕೊಳ್ಳಿ.

2. ನದಿಯ ಪಾತ್ರದೊಳಗೆ ಎಂದಿಗೂ ಮಲಗಬೇಡಿ. ತಲೆಯ ಮೇಲೆ ನಿರ್ಮಲವಾದ ಆಕಾಶವಿರುವಾಗಲೇ, ಬಹು ದೂರ ಪೂರ್ವದಲ್ಲಿ ಸುರಿದ ಮಳೆಯ ಪ್ರವಾಹವು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಬರಬಹುದು. ಪ್ರವಾಹ ಬಾರದ ಕಾಲದಲ್ಲಿಯೂ ಪಾತ್ರವೇ ಆನೆಗಳ ಹೆದ್ದಾರಿ. ಆನೆಯ ಲದ್ದಿ, ಸವೆದ ಕಾಲುದಾರಿ, ಮರದ ಬೊಡ್ಡೆಯ ಮೇಲೆ ಮೈಯುಜ್ಜಿದ ಗುರುತು ಇವು ಕಂಡ ಕಡೆ ಗುಡಾರ ಹಾಕಬೇಡಿ.

3. ಒರತೆಯಿಂದ, ದನಗಳ ಬಾವಿಯಿಂದ, ಪ್ರಾಣಿಗಳ ಕುಡಿಯುವ ಗುಂಡಿಯಿಂದ ಒಂದು ಕಿಲೋಮೀಟರಾದರೂ ದೂರದಲ್ಲಿರಿ.

4. ಗೊತ್ತಾದ ಬಿಡಾರವಿಲ್ಲದೆಡೆ, ತಂಗಲು ಸ್ಥಳೀಯರ ಅನುಮತಿ ದೊರೆತಿದ್ದರೆ, ಹಿಂದೆ ಯಾರೋ ತಂಗಿದ್ದ ಗುರುತಿರುವ ಜಾಗವೇ ಉತ್ತಮ. ಅದೂ ಇಲ್ಲವಾದರೆ ಬರಿಯ ಬಂಡೆ ಅಥವಾ ಗಾಳಿ ದಿನವೂ ಅಳಿಸಿ ಬರೆಯುವ ಸಡಿಲ ಮರಳು. ಕತ್ತಲಾದ ಮೇಲೆ ಜಾಗ ಹುಡುಕಲು ಹೊರಟವನಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲವಾದುದರಿಂದ, ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ಆ ದಿನದ ಪ್ರಯಾಣವನ್ನು ಮುಗಿಸತಕ್ಕದ್ದು.

ಬೆಂಕಿ, ಕಸ, ನೀರು

ಒಣಗಿ ಬಿದ್ದ ಮೋಪಾನೆ ಮರದ ಬೊಡ್ಡೆಯೊಂದು ನಿಮಗೆ ಬರಿಯ ಸೌದೆಯಾಗಿ ಕಾಣಬಹುದು. ಅದರ ಸಿಪ್ಪೆಯ ಸಂದುಗಳಲ್ಲಿ ಹಲ್ಲಿ, ಚೇಳು, ಜೀರುಂಡೆಗಳು ಹಗಲಿನ ಉರಿಯಿಂದ ತಲೆಮರೆಸಿಕೊಂಡಿರುತ್ತವೆ. ಅದರ ಒತ್ತಿನಲ್ಲಿ ಗಾಳಿ ತಂದ ಬೀಜಗಳು ತಂಗಿರುತ್ತವೆ. ಮರ ಅಪರೂಪವಾದ ದೇಶದಲ್ಲಿ ಸತ್ತ ಮರವೂ ಒಂದು ಆಶ್ರಯ. ಅಷ್ಟೇ ಅಲ್ಲದೆ, ಅಲ್ಲಿ ನೆಲಸಿದ ಜನ ಅಡಿಗೆ ಮಾಡಬೇಕಾದುದೂ ಅದರಿಂದಲೇ. ಆದುದರಿಂದ ಕಟ್ಟಿಗೆಯನ್ನು ಓಪುವೊದಂಥ ಊರಿನಲ್ಲಿ ಕೊಂಡು ಒಯ್ಯಿರಿ. ಅಡಿಗೆಗೆ ಗ್ಯಾಸಿನ ಒಲೆ ಸಾಕು, ಬೆಂಕಿ ಸಂಜೆಯ ಸಂತೋಷಕ್ಕಾಗಿ ಮಾತ್ರ. ಬೆಂಕಿಯನ್ನು ಲೋಹದ ತಟ್ಟೆಯಲ್ಲಿ ಹೊತ್ತಿಸಿದರೆ ನೆಲ ಸುಡುವುದಿಲ್ಲ. ಬೆಳಗ್ಗೆ ಬೂದಿ ತಣ್ಣಗಾದುದನ್ನು ಕೈಯಿಂದ ಮುಟ್ಟಿ ನೋಡಿಯೇ ಚೀಲಕ್ಕೆ ತುಂಬಿ. ಕಲ್ಲುಗಳನ್ನು ಸುತ್ತ ಜೋಡಿಸಿ ಒಲೆ ಹೂಡಿದರೆ, ಆ ಕಪ್ಪು ಕಲ್ಲುಗಳು ಬಹಳ ವರ್ಷ ಹಾಗೆಯೇ ಉಳಿಯುತ್ತವೆ.

ಮಲವಿಸರ್ಜನೆಯ ವಿಷಯವನ್ನು ಸಂಕೋಚದಿಂದ ಬಿಡುವುದು ಸರಿಯಲ್ಲ. ಬಿಡಾರಗಳ ಸುತ್ತಮುತ್ತ ಅತ್ಯಂತ ಜುಗುಪ್ಸೆಯ ದೃಶ್ಯಕ್ಕೆ ಕಾರಣವಾಗುವುದು ಅದೇ. ಒಣನೆಲದಲ್ಲಿ ಕೊಳೆಸುವ ಜೀವಿಗಳು ವಿರಳವಾದುದರಿಂದ ಹೂತದ್ದು ಬಹುಕಾಲ ಹಾಗೆಯೇ ಇರುತ್ತದೆ, ಕಾಗದವಂತೂ ಒಣಗಿ ಮೇಲೆದ್ದು ಮುಳ್ಳುಪೊದೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಜೊತೆಯಲ್ಲಿ ಒಯ್ಯಬಹುದಾದ ಶೌಚಪೆಟ್ಟಿಗೆ ಉತ್ತಮೋತ್ತಮ. ಅದಿಲ್ಲದಿದ್ದರೆ ನದಿಪಾತ್ರದಿಂದಲೂ ನೀರಿನಿಂದಲೂ ನೂರು ಹೆಜ್ಜೆಗಿಂತ ದೂರದಲ್ಲಿ ಒಂದು ಗೇಣು ಆಳದ ಕುಳಿ ತೋಡಿ ಮುಚ್ಚಿ, ಕಾಗದವನ್ನು ಮಾತ್ರ ಮುಚ್ಚಿದ ಚೀಲದಲ್ಲಿ ಹಿಂದಕ್ಕೆ ತನ್ನಿ. ನೀರು ಬಳಸುವ ನಮ್ಮವರ ಅಭ್ಯಾಸ ಇಲ್ಲಿ ಹೆಚ್ಚು ಶ್ರೇಯಸ್ಕರ. ಒಂದು ಚೊಂಬು ನೀರು ಯಾವ ಗುರುತನ್ನೂ ಉಳಿಸುವುದಿಲ್ಲ.

ತಿಂದುಳಿದ ಅನ್ನವನ್ನು ಹೂಳುವುದರಿಂದ ಪ್ರಯೋಜನವಿಲ್ಲ, ನರಿಗಳೂ ಕತ್ತೆಕಿರುಬಗಳೂ ಆ ರಾತ್ರಿಯೇ ಬಗೆಯುತ್ತವೆ. ಬಿಡಾರದ ಬಳಿ ಆಹಾರ ಸಿಗುವುದೆಂದು ಒಮ್ಮೆ ಕಲಿತ ಕಿರುಬ ಮುಂದೆ ಬಂದವರ ಗುಡಾರವನ್ನು ಹುಡುಕಿಕೊಂಡು ಬರುತ್ತದೆ. ಕಸವನ್ನೆಲ್ಲ ದೊಡ್ಡ ಊರಿನವರೆಗೆ ಹೊತ್ತು ತನ್ನಿ. ಪಾತ್ರೆ ತೊಳೆದ ನೀರನ್ನು ಸೋಸಿ, ಅಗುಳನ್ನು ಕಸಕ್ಕೆ ಸೇರಿಸಿ, ನೀರನ್ನು ವಿಸ್ತಾರವಾಗಿ ಚಿಮುಕಿಸಬೇಕು. ಒರತೆಯಲ್ಲಿ ಸ್ನಾನ, ಬಟ್ಟೆ ಒಗೆತ ಖಂಡಿತ ಸಲ್ಲದು. ಕುನೇನೆಯಲ್ಲಿಯಂತೂ ಮೊಸಳೆಗಳಿವೆ.

ಆ ನೆಲದ ಜನ

ಹಿಂಬಾ ಜನರು ದನ, ಆಡುಗಳನ್ನು ಮೇಯಿಸಿಕೊಂಡು ಮೇವಿನೊಡನೆ ತಾವೂ ಚಲಿಸುವವರು. ಬಯಲಲ್ಲಿ ಬಾಗಿಲು ಮುಚ್ಚಿದ ಗುಡಿಸಲುಗಳ ಸಮೂಹ ಕಂಡರೆ ಅದು ಬಿಟ್ಟುಹೋದ ಊರೆಂದು ತಿಳಿಯಬೇಡಿ. ಮಳೆ ಬಿದ್ದಾಗ ಅವರು ಹಿಂದಿರುಗುತ್ತಾರೆ, ಒಳಗಿರುವ ಸೋರೆಬುರುಡೆಯೂ ತೊಗಲಿನ ಹಾಸೂ ಅವರ ಸೊತ್ತು. ಜನರಿರುವ ಊರನ್ನು ಹೊಗುವ ಮೊದಲು ದೂರದಲ್ಲಿ ನಿಂತು, ಯಾರಾದರೂ ಬಂದು ಮಾತನಾಡಿಸುವವರೆಗೆ ಕಾಯಬೇಕು. ಹಿರಿಯನ ಮನೆಯ ಬಾಗಿಲಿಗೂ ದನದ ದೊಡ್ಡಿಗೂ ನಡುವೆ ಒಕುರುವೊ ಎಂಬ ಪವಿತ್ರಾಗ್ನಿಯಿರುತ್ತದೆ. ಪಿತೃಗಳೊಡನೆ ಸಂಬಂಧವಿರಿಸುವ ಆ ಬೆಂಕಿಗೂ ಮನೆಗೂ ದೊಡ್ಡಿಗೂ ನಡುವಣ ಗೆರೆಯನ್ನು ಹೊರಗಿನವರು ದಾಟಕೂಡದು. ಉರಿಯಿಲ್ಲದೆ ಬರಿಯ ಬೂದಿ ಮತ್ತು ಕೊರಡುಗಳಿದ್ದರೂ ಅದು ಆ ಬೆಂಕಿಯೇ. ಅಗ್ನಿಯನ್ನು ಗೃಹದೇವತೆಯೆಂದು ಕಂಡ ನಾಡಿನವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕೆಮ್ಮಣ್ಣು ಬೆಣ್ಣೆಗಳನ್ನು ಕಲಸಿ ಮೈಗೆ ಲೇಪಿಸಿಕೊಂಡ ಸ್ತ್ರೀಯರ ಚಿತ್ರ ತೆಗೆಯಲು ಎಲ್ಲರೂ ಆತುರಪಡುತ್ತಾರೆ. ಕೇಳಿ, ಒಪ್ಪಿದರೆ ಮಾತ್ರ ತೆಗೆಯಿರಿ; ಒಪ್ಪದಿದ್ದರೆ ಕ್ಯಾಮೆರಾ ಚೀಲದಲ್ಲಿಯೇ ಇರಲಿ. ಓಡಿಬಂದ ಮಕ್ಕಳಿಗೆ ಮಿಠಾಯಿ ಹಂಚುವುದು ಕೊಡುವವನಿಗೆ ಒಂದು ಗಳಿಗೆಯ ಸಂತೋಷ, ಆ ಮಕ್ಕಳಿಗೆ ಹುಳುಕು ಹಲ್ಲು ಮತ್ತು ವಾಹನದ ಹಿಂದೆ ಓಡುವ ಚಾಳಿ. ಕೊಡಬೇಕೆನಿಸಿದರೆ ಜೋಳದ ಹಿಟ್ಟಿನಂಥ ಪದಾರ್ಥವನ್ನು ಮನೆಯ ಹಿರಿಯರ ಕೈಗೆ ಕೊಡಿ, ಇಲ್ಲವೆ ಅವರು ಮಾಡಿದ ಕಡಗ, ಬುಟ್ಟಿಗಳನ್ನು ಬೆಲೆಗೆ ಕೊಳ್ಳಿ.

ಪ್ರಾಣಿಗಳ ನಡುವೆ

ಈ ಸೀಮೆಯ ಆನೆ, ಸಿಂಹ, ಕರಿಯ ಘೇಂಡಾಮೃಗಗಳು ಬೇಲಿಯ ರಕ್ಷಣೆಯಿಲ್ಲದೆ ಮನುಷ್ಯರ ನಡುವೆಯೇ ಬದುಕಿವೆ. ಆನೆಯಿಂದ ನೂರು ಮೀಟರಿಗೆ ಕಡಿಮೆಯಾಗದ ಅಂತರವಿರಲಿ. ತಾಯಿಗೂ ಮರಿಗೂ ನಡುವೆ ಸಿಕ್ಕಬೇಡಿ. ಇಕ್ಕಟ್ಟಾದ ನದಿಪಾತ್ರದಲ್ಲಿ ಎದುರಾದರೆ ನೀವೇ ಹಿಂದೆ ಸರಿದು ದಾರಿ ಬಿಡಬೇಕು. ಬಾಯಾರಿದ ಪ್ರಾ‍ಣಿಯನ್ನು ಒಂದು ಕಿಲೋಮೀಟರ್ ಓಡಿಸಿದರೆ ಅದು ಮರಳಿ ಪಡೆಯಲಾಗದ ನೀರನ್ನು ಕಳೆದುಕೊಳ್ಳುತ್ತದೆ. ಕಿತ್ತಳೆ, ಮೂಸಂಬಿ ಹಣ್ಣುಗಳನ್ನು ಆನೆಗಳ ಸೀಮೆಗೆ ಒಯ್ಯಬೇಡಿ. ಆ ವಾಸನೆಯನ್ನು ಹಿಡಿದು ಬಂದ ಆನೆ ವಾಹನದ ಬಾಗಿಲನ್ನು ಕಿತ್ತೀತು. ರಾತ್ರಿ ಗುಡಾರವನ್ನು ಪೂರ್ತಿ ಮುಚ್ಚಿಯೇ ಮಲಗಬೇಕು, ನಕ್ಷತ್ರಗಳ ಆಸೆಗೆ ಬಯಲಲ್ಲಿ ಹಾಸಿಕೊಳ್ಳಬಾರದು.

ಘೇಂಡಾಮೃಗವನ್ನು ಕಂಡರೆ ಅದರ ಸ್ಥಳವನ್ನು ಯಾರಿಗೂ ಹೇಳಬೇಡಿ. 1982ರಲ್ಲಿ ಸ್ಥಾಪಿತವಾದ ಸೇವ್ ದಿ ರೈನೋ ಟ್ರಸ್ಟ್ ಎಂಬ ಸಂಸ್ಥೆಯ, ಹೆಜ್ಜೆಗುರುತು ಹಿಡಿದು ಹೋಗುವ ಕಾವಲುಗಾರರು ಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಕಾಯುತ್ತಿರುವ ಮೃಗವನ್ನು, ಪ್ರವಾಸಿಯ ಒಂದು ಚಿತ್ರ ಬೇಟೆಗಾರನಿಗೆ ತೋರಿಸಿಕೊಟ್ಟೀತು. ಮೊಬೈಲಿನ ಕ್ಯಾಮೆರಾ ಪ್ರತಿ ಚಿತ್ರದೊಳಗೂ ಅಕ್ಷಾಂಶ ರೇಖಾಂಶಗಳನ್ನು ಬರೆದಿಡಬಹುದಾದುದರಿಂದ, ಆ ಸೌಕರ್ಯವನ್ನು ಹೊರಡುವ ಮೊದಲೇ ನಿಲ್ಲಿಸಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೇರೊಬ್ಬರ ಜಾಡು ಕಂಡಿತೆಂದು ಅದನ್ನು ದಾರಿಯೆಂದು ನಂಬುವುದು ಮೊದಲನೆಯದು. ಬಯಲಿನೊಳಕ್ಕೆ ಹೊರಟ ಒಂಟಿ ಜೋಡಿಗೆರೆ ಯಾರೋ ಮಾಡಿದ ತಪ್ಪಿನ ಗುರುತಾಗಿರಬಹುದು; ಎರಡನೆಯ ವಾಹನ ಹೋದರೆ ಅದು ದಾರಿಯಾಗುತ್ತದೆ. ಕೈಯಲ್ಲಿರುವ ನಕ್ಷೆಯಲ್ಲಿಯೂ ಇಲ್ಲದ, ನೆಲದ ಮೇಲೂ ಸವೆಯದ ಗೆರೆಯನ್ನು ಅನುಸರಿಸಬೇಡಿ.

ಕರಾವಳಿಯ ಜಲ್ಲಿಬಯಲು ಬರಡೆಂದು ತಿಳಿಯುವುದು ಎರಡನೆಯದು. ಡಮಾರಾ ಟರ್ನ್ ಎಂಬ ಪುಟ್ಟ ಕಡಲಹಕ್ಕಿ ಬೇಸಗೆಯಲ್ಲಿ ಗೂಡು ಕಟ್ಟದೆ ಬರಿಯ ಜಲ್ಲಿಯ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಕಲ್ಲಿನ ಬಣ್ಣದ ಆ ಮೊಟ್ಟೆ ವಾಹನದ ಎತ್ತರದಿಂದ ಕಾಣುವುದಿಲ್ಲ. ಜಗತ್ತಿನ ಡಮಾರಾ ಟರ್ನ್‌ಗಳಲ್ಲಿ ಹೆಚ್ಚಿನವು ಸಂತಾನ ಬೆಳೆಸುವುದು ನಮೀಬಿಯಾದ ತೀರದಲ್ಲಿಯೇ.

ಒಂದು ದಿನಕ್ಕೆ ಹೆಚ್ಚು ದೂರವನ್ನು ಇಟ್ಟುಕೊಳ್ಳುವುದು ಮೂರನೆಯದು. ನನ್ನ ಅಭಿಪ್ರಾಯದಲ್ಲಿ ಉಳಿದ ತಪ್ಪುಗಳಿಗೆಲ್ಲ ತಾಯಿಯೂ ಇದೇ. ನಕ್ಷೆಯಲ್ಲಿ 100 ಕಿಲೋಮೀಟರ್ ಎಂದು ಕಾಣುವ ಜಾಡಿಗೆ ಇಡೀ ಹಗಲು ಬೇಕಾಗಬಹುದು. ಹೊತ್ತು ಮೀರಿದವನು ವೇಗ ಹೆಚ್ಚಿಸುತ್ತಾನೆ, ತಿರುವಿನಲ್ಲಿ ಬಯಲು ಹಾಯುತ್ತಾನೆ, ಕತ್ತಲಲ್ಲಿ ಸಿಕ್ಕಿದ ಕಡೆ ಗುಡಾರ ಹಾಕುತ್ತಾನೆ.

ಹಿಂದಿರುಗುವಾಗ ಎರಡು ಚಿಕ್ಕ ಮರೆವುಗಳು ಸಂಭವಿಸುತ್ತವೆ. ಒಂದು, ಕಾಲುಬಾಯಿ ಜ್ವರವನ್ನು ತಡೆಯಲೆಂದು ಉತ್ತರ ನಮೀಬಿಯಾಕ್ಕೆ ಅಡ್ಡಲಾಗಿ ಹಾಕಿರುವ ಪಶುವೈದ್ಯ ಬೇಲಿಯನ್ನು ದಾಟಿಸಿ ಹಸಿ ಮಾಂಸವನ್ನು ದಕ್ಷಿಣಕ್ಕೆ ತರಲು ಅನುಮತಿಯಿಲ್ಲ. ಪಾಮ್‌ವಾಗ್ ಬಳಿಯ ತನಿಖೆಯ ಬಾಗಿಲಿಗೆ ಬರುವ ಮುನ್ನ ಅದನ್ನು ಬೇಯಿಸಿ ಮುಗಿಸಿರಬೇಕು. ಇನ್ನೊಂದು, ಮರಳು ಮುಗಿದು ಗಟ್ಟಿ ರಸ್ತೆ ಸಿಕ್ಕಿದ ಮೇಲೂ ಟೈರಿಗೆ ಗಾಳಿ ತುಂಬದೆ ಊರು ಸೇರುವ ಆತುರದಲ್ಲಿ ಓಡಿಸುವುದು. ಗಟ್ಟಿ ನೆಲ ಸಿಕ್ಕಿದ ಕೂಡಲೇ ಒಮ್ಮೆ ನಿಲ್ಲಿಸಿ, ನಾಲ್ಕು ಗಾಲಿಗಳಿಗೂ ಗಾಳಿ ತುಂಬಿ, ಮಾಡಿನ ಮೇಲಿನ ಕಸದ ಚೀಲಗಳು ಹರಿದಿಲ್ಲವೆಂಬುದನ್ನು ನೋಡಿಕೊಂಡು ಮುಂದೆ ಹೊರಡಿ; ದಾರಿಯಲ್ಲಿ ಉರುಳುಹಗ್ಗವನ್ನೋ ಗಾಯಗೊಂಡ ಪ್ರಾಣಿಯನ್ನೋ ಕಂಡಿದ್ದರೆ, ಮೊದಲು ಸಿಕ್ಕಿದ ಕನ್ಸರ್ವೆನ್ಸಿಯ ಕಚೇರಿಯಲ್ಲಿ ಇಳಿದು ತಿಳಿಸಿ ಹೋಗಿ.